ಹದಿನೇಳನೇ ನಂಬರಿನ ಸುತ್ತಿಗೆ

ಯಾರದೇ ಕಾಡಾಗಲಿ, ಒಳಗೆ ಹತ್ತು ಹೆಜ್ಜೆ ಇಟ್ಟರೆ ಸಾಕು, ಅದರ ಮಾಲೀಕ ಎಂಥವನೆಂದು ಗುರುತಕ್ಕನಿಗೆ ಗೊತ್ತಾಗಿಬಿಡುತ್ತಿತ್ತು. ಹತ್ತರಲ್ಲಿ ಎಂಟು ಸಲ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಥೂ!" ನೆಟ್ಟಗೆ ಬೆಳೆದ ಮರಗಳನ್ನೆಲ್ಲ ಕಡಿದು ಮಾರಿ, ಸೊಟ್ಟದ್ದು, ಟೊಳ್ಳಾದದ್ದು, ತುದಿ ಒಣಗಿದ್ದನ್ನೆಲ್ಲ ಬಿಟ್ಟು, "ನೋಡಿ, ಅರ್ಧಕ್ಕರ್ಧ ಕಾಡು ಉಳಿಸಿದ್ದೀನಿ" ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಸೊಟ್ಟ ಮರ ಉದುರಿಸುವ ಬೀಜದಿಂದ ಸೊಟ್ಟ ಸಸಿಯೇ ಏಳುತ್ತದೆ. ಚೆನ್ನಾಗಿದ್ದುದನ್ನೆಲ್ಲ ತಾನು ಉಂಡು, ಸೀದ ತಳವನ್ನು ಮೊಮ್ಮಕ್ಕಳಿಗೆ ಬಡಿಸುವ ಬುದ್ಧಿ ಅದು. ಇಂಥವರೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಮುಂದಿನ ಪೀಳಿಗೆಯ ಬಗ್ಗೆ ಭಾಷಣ ಕೇಳಿ ಚಪ್ಪಾಳೆ ತಟ್ಟುತ್ತಿದ್ದರು.

ಅವಳ ನಿಜವಾದ ಹೆಸರು ಇದ್ದದ್ದು ಕಾಡು ಮಾಲೀಕರ ಸಂಘದ ದಾಖಲೆಯಲ್ಲಿ ಮಾತ್ರ, ಮರಗಳಿಗೆ ಗುರುತು ಹಾಕುವವಳೆಂದು ಊರಿಗೆಲ್ಲ ಅವಳು ಗುರುತಕ್ಕ. ಸಂಘದಲ್ಲಿ ಅರವತ್ತು ಜನ. ಒಬ್ಬೊಬ್ಬರದೂ ಹತ್ತೋ ಇಪ್ಪತ್ತೋ ಎಕರೆ ಕಾಡು. ಯಾವ ಮರ ಕಡಿಯಬೇಕು, ಯಾವುದು ನಿಲ್ಲಬೇಕು ಎಂದು ಮಾಲೀಕ ಹೇಳುವಂತಿರಲಿಲ್ಲ, ಅವಳು ಹೇಳಬೇಕಿತ್ತು. ಹಾಗೆ ಕಡಿದರೆ ಮಾತ್ರ ಕಾಡನ್ನು ಕೊಲ್ಲದೆ ತೆಗೆದ ಮರ ಎಂಬ ಪ್ರಮಾಣಪತ್ರ ಸಿಗುತ್ತಿತ್ತು. ಅದಿಲ್ಲದಿದ್ದರೆ ದೊಡ್ಡ ಮಿಲ್ಲಿನವರು ದಿಮ್ಮಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಅವಳು ಮಾಡಿದ್ದು ಇದೇ ಕೆಲಸ. ಅಪ್ಪ ಮರ ಕಡಿಯುವ ಆಳಾಗಿದ್ದ, ಒಳ್ಳೆಯದನ್ನೇ ಹುಡುಕಿ ಕಡಿಯುತ್ತಿದ್ದ. ಅವನ ಪಾಪ ತೊಳೆಯಲೆಂದೇ ನೀನು ಹುಟ್ಟಿದ್ದು ಎಂದು ಅವಳ ಅಮ್ಮ ನಗುತ್ತಿದ್ದಳು.

ಕಡಿಯಬೇಕಾದ ಮರಕ್ಕೆ ಎರಡು ಗುರುತು. ಎದೆಯ ಮಟ್ಟದಲ್ಲಿ ಒಂದು ಹಳದಿ ಬಣ್ಣದ ಪಟ್ಟೆ, ಕಡಿಯುವವನಿಗೆ ಕಾಣಲಿ ಎಂದು. ಇನ್ನೊಂದು ಬುಡದಲ್ಲಿ, ನೆಲದಿಂದ ಗೇಣು ಎತ್ತರದೊಳಗೆ. ಅಲ್ಲಿ ಅಂಗೈಯಗಲ ತೊಗಟೆ ಕೆತ್ತಿ, ಬಿಳಿ ಮರದ ಮೇಲೆ ಸುತ್ತಿಗೆಯಿಂದ ಒಂದು ಏಟು. ಸುತ್ತಿಗೆಯ ಮುಖದಲ್ಲಿ ಉಬ್ಬಿದ ಅಂಕಿ, ಹದಿನೇಳು. ಮರ ಹೋದರೂ ಬೊಡ್ಡೆ ಉಳಿಯುತ್ತದೆ, ಬೊಡ್ಡೆಯಲ್ಲಿ ಹದಿನೇಳು ಉಳಿಯುತ್ತದೆ. ಬಣ್ಣವನ್ನು ಯಾವನು ಬೇಕಾದರೂ ಬಳಿದಾನು. ಆದರೆ ಸುತ್ತಿಗೆ ಇರುವುದು ಒಂದೇ, ಅದು ಅವಳ ಕೈ ಬಿಟ್ಟು ಇನ್ನೊಂದು ಕೈಗೆ ಹೋಗಕೂಡದು. ಹೋದರೆ ಅವಳ ಕೆಲಸ ಹೋಯಿತು, ಆ ಕಾಡಿಗೆ ಹತ್ತು ವರ್ಷ ಪ್ರಮಾಣಪತ್ರವಿಲ್ಲ. ನಿಯಮಪುಸ್ತಕದ ಮೊದಲ ಪುಟದಲ್ಲೇ ಹಾಗೆ ಬರೆದಿತ್ತು.

ಗಂಡನ ಮನೆಯವರಿಗೂ ಒಂದು ಕಾಡಿತ್ತು, ಹದಿನೆಂಟು ಎಕರೆ. ಗಂಡನಿಗೂ ಮೈದುನನಿಗೂ ಸೇರಿದ್ದು. ಅವಳು ಮದುವೆಯಾಗಿ ಬಂದಾಗ ಅದು ಕಾಡೇ ಆಗಿರಲಿಲ್ಲ, ಒಂದಕ್ಕೊಂದು ತಿವಿದುಕೊಂಡು ಬೆಳೆದ ಕಡ್ಡಿಗಳ ಕಂತೆ. ಐದು ವರ್ಷಕ್ಕೊಮ್ಮೆ ಕೆಟ್ಟದ್ದನ್ನು ತೆಗೆಸಿದಳು, ಒಳ್ಳೆಯದಕ್ಕೆ ಬೆಳಕು ಬಿಟ್ಟಳು. ಹೊಳೆಯ ದಂಡೆಯ ಮೂವತ್ತು ಹೆಜ್ಜೆ ಅಗಲಕ್ಕೆ ಗರಗಸ ಮುಟ್ಟಗೊಡಲಿಲ್ಲ. ನೆಲ ಒದ್ದೆಯಿದ್ದಾಗ ಟ್ರ್ಯಾಕ್ಟರ್ ಇಳಿಸಗೊಡಲಿಲ್ಲ. ಮರಕುಟಿಗ ತೂತು ಕೊರೆದಿದ್ದ ಎರಡು ಸತ್ತ ಮರಗಳನ್ನು ಹಾಗೇ ನಿಲ್ಲಿಸಿದಳು. "ಸತ್ತದ್ದನ್ನೂ ಕಾಯ್ತಾಳಲ್ಲಪ್ಪ" ಎಂದು ಅಕ್ಕಪಕ್ಕದವರು ಆಡಿಕೊಂಡರು. ಆಡಿಕೊಳ್ಳಲಿ. ಆ ಕಾಡಿನಲ್ಲಿ ಹನ್ನೊಂದು ತಾಯಿಮರಗಳಿದ್ದವು. ಬಾಣದ ಹಾಗೆ ನೆಟ್ಟಗೆ, ಮೂವತ್ತು ಅಡಿಯವರೆಗೆ ಒಂದು ಗಂಟಿಲ್ಲ. ಅವುಗಳ ಸುತ್ತ ಬೀಜ ಬಿದ್ದು ಸಸಿ ಎದ್ದಿದ್ದವು. ಅವಳು ಮೂಗು ಮುರಿಯದೆ ಕಾಲಿಡುತ್ತಿದ್ದ ಕಾಡು ಅದೊಂದೇ.

ಸ್ವಂತ ಮನೆಯ ಕಾಡಿಗೆ ತಾನೇ ಗುರುತು ಹಾಕಬಾರದೆಂಬ ನಿಯಮ ಇರಲಿಲ್ಲ. ಇರಬೇಕಿತ್ತು ಎಂದು ಅವಳಿಗೆ ಅನ್ನಿಸಿದ್ದು ಆಮೇಲೆ.

ಈ ಸಲದ ಸರದಿ ಬರುವ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು. ನಡೆಯುವುದು ಹೇಗೋ ಆಗುತ್ತಿತ್ತು, ಆದರೆ ಬುಡಕ್ಕೆ ಬಗ್ಗಿದರೆ ಎದ್ದೇಳಲು ಮರವನ್ನೇ ತಬ್ಬಿಕೊಳ್ಳಬೇಕಿತ್ತು. ಆಗ ಮೈದುನ ಮುಂದೆ ಬಂದ. ಪೇಟೆಯಲ್ಲಿ ನಲ್ಲಿ, ಸಿಂಕು, ಟೈಲ್ಸ್ ಮಾರುವ ಅಂಗಡಿ ಅವನದು. ಬಾಯಲ್ಲಿ ಯಾವಾಗಲೂ ಬೆಲ್ಲ.

"ಬಗ್ಗೋ ಕೆಲಸ ನಂಗೆ ಬಿಡಿ ಅತ್ತಿಗೆ. ನೀವು ಬಣ್ಣ ಬಳೀತಾ ಮುಂದೆ ಹೋಗಿ, ಹಿಂದಿಂದ ನಾನು ಏಟು ಹಾಕ್ಕೊಂಡು ಬರ್ತೀನಿ."

"ಸುತ್ತಿಗೆ ಬೇರೆಯವ್ರ ಕೈಗೆ ಕೊಡೋ ಹಾಗಿಲ್ಲ ಕಣೋ."

"ನಾನು ಬೇರೆಯವನಾ?"

ಈ ಮಾತಿಗೆ ಯಾವ ಅತ್ತಿಗೆ ತಾನೇ ಏನು ಹೇಳಿಯಾಳು? ಕೊಟ್ಟಳು. ತನ್ನ ಕಣ್ಣೆದುರೇ ಇರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡಳು. ಕಣ್ಣೆದುರು ಇದ್ದದ್ದು ಮರಗಳು, ಸುತ್ತಿಗೆ ಇದ್ದದ್ದು ಬೆನ್ನ ಹಿಂದೆ.

ಎರಡು ವಾರ ಇಬ್ಬರೂ ಕಾಡು ತಿರುಗಿದರು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಾಡಿನ ಮಾತೆತ್ತದ ಮೈದುನ ಈಗ ಒಂದೊಂದು ಮರಕ್ಕೂ ಪ್ರಶ್ನೆ ಕೇಳುತ್ತಿದ್ದ. ಇದು ಯಾಕೆ ನಿಲ್ಲಬೇಕು, ಅದರ ವಯಸ್ಸೆಷ್ಟು, ಒಳಗೆ ಟೊಳ್ಳಿಲ್ಲ ಅಂತ ಹೇಗೆ ಗೊತ್ತಾಗುತ್ತೆ. ಗುರುತಕ್ಕನಿಗೆ ಖುಷಿಯೋ ಖುಷಿ. ಇಪ್ಪತ್ತಾರು ವರ್ಷದಲ್ಲಿ ಇದನ್ನೆಲ್ಲ ಯಾರೂ ಕೇಳಿರಲಿಲ್ಲ, ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ. ಅವಳು ತಾಯಿಮರದ ಮೈಮೇಲೆ ಕೈಯಾಡಿಸಿ ಪಾಠ ಹೇಳಿದಳು. "ತೊಗಟೆ ನೋಡು, ಎಲ್ಲೂ ತಿರುಚಿಲ್ಲ. ಬೆರಳು ಮಡಿಸಿ ತಟ್ಟು, ಸದ್ದು ಗಟ್ಟಿಯಾಗಿದೆ. ಇಂಥದ್ದು ಈ ಕಾಡಲ್ಲಿ ಹನ್ನೊಂದೇ. ಇವನ್ನ ಮುಟ್ಟಬಾರದು." ಹೇಳಿ ಮುಂದಿನ ಮರಕ್ಕೆ ಕುಂಟುತ್ತ ಹೋಗುತ್ತಿದ್ದಳು. ತಿರುಗಿ ನೋಡಲು ಮಂಡಿ ಬಿಡುತ್ತಿರಲಿಲ್ಲ. ಹಿಂದೆ ಠಣ್ ಎಂಬ ಸದ್ದು. ಒಮ್ಮೊಮ್ಮೆ ಇನ್ನೊಂದು.

"ಎರಡೆರಡು ಸಲ ಯಾಕೋ ಹೊಡೀತೀಯ?"

"ಮೊದಲನೇದು ಸರಿಯಾಗಿ ಕೂರಲಿಲ್ಲ ಅತ್ತಿಗೆ."

ಗುರುತು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಮಂಡಿಗೆ ಸೂಜಿ ಹಾಕಿ, ಒಂದು ತಿಂಗಳು ಮನೆ ಬಿಟ್ಟು ಕದಲಬೇಡಿ ಎಂದರು. ಆ ತಿಂಗಳಲ್ಲೇ ಕಡಿತ ಮುಗಿಯಿತು. ಕಡಿದಾದ ಮೇಲೆ ಬೊಡ್ಡೆಗಳನ್ನು ಎಣಿಸಿ, ತನ್ನ ನೋಟ್‌ಬುಕ್ಕಿಗೆ ತಾಳೆ ನೋಡಿ, ತಪಾಸಣೆಗೆ ಮೊದಲು ಸಹಿ ಹಾಕುವುದು ಅವಳದೇ ಕೆಲಸ. ಕೋಲೂರಿಕೊಂಡು ಹೋದಳು. ಕಾಡಿನ ಅಂಚಿಗೆ ಬರುತ್ತಲೇ ಏನೋ ಸರಿಯಿಲ್ಲ ಅನ್ನಿಸಿತು. ನೆಲದ ಮೇಲೆ ಬೀಳಬಾರದಷ್ಟು ಬಿಸಿಲು ಬಿದ್ದಿತ್ತು.

ನೋಟ್‌ಬುಕ್ಕಿನಲ್ಲಿ ಎಂಬತ್ತನಾಲ್ಕು, ನೆಲದ ಮೇಲೆ ತೊಂಬತ್ತೈದು. ಹನ್ನೊಂದು ಬೊಡ್ಡೆಗಳು ಊಟದ ತಟ್ಟೆಗಿಂತ ಎರಡು ಪಟ್ಟು ಅಗಲ. ರಸ ಇನ್ನೂ ಒಸರುತ್ತಿತ್ತು, ನೊಣ ಮುತ್ತಿದ್ದವು. ದಿಮ್ಮಿ ಎಳೆದ ದಾರಿಯಲ್ಲಿ ಸಸಿಗಳು ಕೆಸರಿನೊಳಗೆ ಹೂತುಹೋಗಿದ್ದವು. ನೋವಾದರೂ ಸರಿ ಎಂದು ಮಂಡಿಯೂರಿ ನೋಡಿದಳು. ಹದಿನೇಳು. ಮುಂದಿನದರಲ್ಲೂ ಹದಿನೇಳು. ಏಟುಗಳು ಒಂದಕ್ಕಿಂತ ಒಂದು ಚೆನ್ನಾಗಿ ಕೂತಿದ್ದವು.  ಈ ಹನ್ನೊಂದು ಏಟನ್ನೂ ಅವಳು ಕಿವಿಯಾರೆ ಕೇಳಿದ್ದಳು. ಯಾಕೋ ಎಂದು ಕೇಳಿಯೂ ಇದ್ದಳು, ಕೇಳಿ ಸುಮ್ಮನಾಗಿದ್ದಳು.

ಮನೆಗೆ ಬಂದರೆ ಮೈದುನ ಊಟಕ್ಕೆ ಕೂತಿದ್ದ. ಅವಳ ಮುಖ ನೋಡಿಯೂ ತುತ್ತು ನಿಲ್ಲಿಸಲಿಲ್ಲ.

"ಅಂಗಡಿ ದೊಡ್ಡದು ಮಾಡ್ತಿದೀನಿ ಅತ್ತಿಗೆ. ಸಣ್ಣ ದಿಮ್ಮಿ ಯಾರಿಗೆ ಬೇಕು? ಆ ಹನ್ನೊಂದು ಇದ್ದಿದ್ದಕ್ಕೇ ಮಿಲ್ಲಿನವನು ಲಾರಿ ಕಳಿಸಿದ್ದು."

"ಬೀಜದ ಮರ ಕಣೋ ಅವು!"

"ಮರಗಳ ಮೇಲೆ ಇರೋ ಪ್ರೀತಿ ಮನುಷ್ಯರ ಮೇಲೂ ಸ್ವಲ್ಪ ಇರ್ಲಿ" ಎಂದು ಬೆರಳು ನೆಕ್ಕಿಕೊಂಡ. ಆ ಬೆರಳು, ಆ ತುಟಿ, ತಟ್ಟೆಯ ಅಂಚಿಗೆ ಅಂಟಿದ ಎಂಜಲು, ಎಲ್ಲವನ್ನೂ ಕಂಡು ಅವಳಿಗೆ ಹೇಸಿಗೆಯಾಯಿತು. ಅವಳ ಗಂಡ ನೀರಿನ ಲೋಟದೊಳಗೆ ಏನೋ ಬಿದ್ದಿದೆಯೋ ಎಂಬಂತೆ ಅದನ್ನೇ ನೋಡುತ್ತಿದ್ದ. "ಮನೆ ಮಾತು ಮನೇಲೇ ಇರ್ಲಿ" ಎಂದ ಕೊನೆಗೆ. ಅವಳು ಆ ದಿನ ಆ ಮನೆಯಲ್ಲಿ ಊಟ ಮಾಡಲಿಲ್ಲ.

ಮರುದಿನ ಸಂಘದ ಕಚೇರಿಗೆ ಹೋದಳು. ಗೋಡೆಯ ಮೇಲೆ ಹಸಿರೇ ಉಸಿರು ಎಂಬ ಬರಹ, ಅದರ ಕೆಳಗೆ ಅಧ್ಯಕ್ಷರು ಸಸಿ ನೆಡುತ್ತಿರುವ ನಾಲ್ಕು ವರ್ಷದ ನಾಲ್ಕು ಫೋಟೋ. ನಾಲ್ಕರಲ್ಲೂ ಗುಂಡಿ ಒಂದೇ. ಅಧ್ಯಕ್ಷರದು ಸೋಫಾ, ಮಂಚ ಮಾಡುವ ಕಾರ್ಖಾನೆ. ಅವಳು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದರು.

"ಕಡಿದಿದ್ದನ್ನ ವಾಪಸ್ ಅಂಟಿಸೋಕಾಗುತ್ತಾ ಗುರುತಕ್ಕ? ಸುತ್ತಿಗೆ ನಿಮ್ಮದೇ, ನಂಬರೂ ನಿಮ್ಮದೇ. ನೋಟ್‌ಬುಕ್ಕಲ್ಲಿ ಎಂಬತ್ತನಾಲ್ಕನ್ನ ತೊಂಬತ್ತೈದು ಮಾಡಿ, ಒಂದು ಸಹಿ ಎಳೀರಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

"ಅಯ್ಯೋ, ನಿಮಗೆ ಗೊತ್ತಾದ್ರೆ ಏನೀಗ?" ಎಂದು ಅಧ್ಯಕ್ಷರು ಮನಸಾರೆ ನಕ್ಕರು.

ಸಹಿ ಹಾಕಿದರೆ ಏನಾಗುತ್ತದೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗುರುತಕ್ಕನೇ ತನ್ನ ಮನೆಯ ತಾಯಿಮರ ಕಡಿಸಿದಳು, ಅದಕ್ಕೆ ಪ್ರಮಾಣಪತ್ರವೂ ಸಿಕ್ಕಿತು ಎಂದು ಸುದ್ದಿ ಹಬ್ಬುತ್ತದೆ. ಉಳಿದ ಐವತ್ತೊಂಬತ್ತು ಜನರೂ ಗರಗಸ ಮಸೆಯುತ್ತಾರೆ. ಯಾರ ಕಾಡಿನಲ್ಲಿ ನಿಂತು ಥೂ ಅನ್ನಲಿ ಆಮೇಲೆ? ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಊರಿಗೆಲ್ಲ ಹೇಳುತ್ತಿದ್ದವಳು ಅವಳು. ಸಹಿ ಹಾಕದಿದ್ದರೆ ಸುತ್ತಿಗೆ ಹೋಗುತ್ತದೆ, ಮನೆಯವರ ಮುಖ ನೋಡುವ ಹಾಗಿರುವುದಿಲ್ಲ. ಟೀ ಮುಟ್ಟದೆ ಎದ್ದುಬಂದಳು.

ಪ್ರಮಾಣಪತ್ರ ಕೊಡುವವರ ಕಡೆಯಿಂದ ತಪಾಸಣೆಗೆ ಬಂದವಳು ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ, ಕೆಲಸ ಖಡಕ್. ಅಳತೆ ಟೇಪು ಹಿಡಿದು ತೊಂಬತ್ತೈದು ಬೊಡ್ಡೆಗಳನ್ನೂ ಮುಟ್ಟಿ ನೋಡಿದಳು. ಎಲ್ಲದರಲ್ಲೂ ಹದಿನೇಳು. ಅಧ್ಯಕ್ಷರು, ಮೈದುನ, ಗಂಡ ಮೂವರೂ ಸಾಲಾಗಿ ನಿಂತಿದ್ದರು. ಗುರುತಕ್ಕ ನೋಟ್‌ಬುಕ್ ಮುಂದೆ ಹಿಡಿದಳು.

"ನಾನು ಗುರುತು ಹಾಕಿದ್ದು ಎಂಬತ್ತನಾಲ್ಕು. ಈ ಹನ್ನೊಂದು ನಂದಲ್ಲ. ಮಂಡಿ ಬಗ್ಗಲ್ಲ ಅಂತ ಸುತ್ತಿಗೇನ ಮೈದುನನ ಕೈಗೆ ಕೊಟ್ಟಿದ್ದೆ. ಅದು ನನ್ನ ತಪ್ಪು. ಇವನ್ನ ಹೊಡೆದಿದ್ದು ಅವನು."

 ಮೈದುನ ಎರಡೂ ಕೈ ಜೋಡಿಸಿದ. "ಮೇಡಂ, ನಂದು ಸಿಂಕು, ನಲ್ಲಿ ವ್ಯಾಪಾರ. ನಂಗೆ ಕಂಬಕ್ಕೂ ಮರಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಅತ್ತಿಗೆ ತೋರಿಸಿದ ಕಡೆ ಏಟು ಹಾಕಿದೆ, ಅಷ್ಟೇ."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂದರೆ ಇದೇ. ಅವನ ಕಣ್ಣಲ್ಲಿ ನೀರೂ ಇತ್ತು. ಇಷ್ಟು ಅಸಹ್ಯವಾದ ಕಣ್ಣೀರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಗಂಡನ ಕಡೆ ನೋಡಿದಳು. ಅವನು ಚಪ್ಪಲಿಯ ಕೆಸರು ಕೆರೆಯುತ್ತಿದ್ದ.

ತಪಾಸಣೆಯವಳು ಹನ್ನೊಂದು ಬೊಡ್ಡೆಗಳ ನಡುವೆ ಇನ್ನೊಮ್ಮೆ ಓಡಾಡಿ ಬಂದಳು.

"ಅಮ್ಮ, ಒಂದು ಮಾತು. ಹದಿನೆಂಟು ಎಕರೆಯಲ್ಲಿ ಅತಿ ಒಳ್ಳೆಯವು ಅಂದ್ರೆ ಇವೇ ಹನ್ನೊಂದು. ಇದರಲ್ಲಿ ಒಂದೂ ಎರಡನೇ ದರ್ಜೆದಿಲ್ಲ, ಒಂದೂ ತಪ್ಪಿಲ್ಲ. ನಾನಾಗಿದ್ರೂ ಎರಡು ಮೂರು ತಪ್ಪು ಮಾಡ್ತಿದ್ದೆ. ನಲ್ಲಿ ಮಾರೋರು ಆರಿಸಿದ್ರು ಅಂದ್ರೆ ಹೇಗೆ ನಂಬಲಿ? ಇಷ್ಟು ಸರಿಯಾಗಿ ಆರಿಸೋಕೆ ಇಪ್ಪತ್ತಾರು ವರ್ಷದ ಕಣ್ಣೇ ಬೇಕು."

 ಗುರುತಕ್ಕನಿಗೆ ಆ ಎರಡು ವಾರ ನೆನಪಾಯಿತು. ತೊಗಟೆ ನೋಡು ಎಂದದ್ದು, ತಟ್ಟು ಎಂದದ್ದು, ಬೆರಳು ಮಾಡಿ ತೋರಿಸಿದ್ದು. ಒಂದು ಮರವನ್ನೂ ಬಿಟ್ಟಿರಲಿಲ್ಲ. ಹೊಗಳಿಕೆಗೆ ಹಸಿದಿದ್ದವಳು ಕೇಳುವವನೊಬ್ಬ ಸಿಕ್ಕನೆಂದು ಹನ್ನೊಂದನ್ನೂ ಒಂದೊಂದಾಗಿ ಅವನ ಕೈಗಿಟ್ಟಿದ್ದಳು. ಮೈದುನನ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ತನ್ನ ಮೈಮೇಲೇ ಸುರಿದ ಹಾಗಾಯಿತು.

"ಮೇಡಂ ಹೇಳಿದ್ದು ಸರಿ" ಎಂದು ಆಗ ಗಂಡ ಬಾಯಿ ಬಿಟ್ಟ. "ಯಾವ ಮರ ಹೇಗೆ ಅಂತ ನಮ್ಮ ಮನೇಲಿ ಗೊತ್ತಿರೋದು ಇವಳೊಬ್ಬಳಿಗೇ." ಯಾರ ಪರವಾಗಿ ಹೇಳಿದನೋ ಅವನಿಗೇ ಗೊತ್ತು.

ತಪಾಸಣೆಯವಳು ಫಾರಂ ಕೊಟ್ಟಳು. ಕೊನೆಯಲ್ಲಿ ಗುರುತು ಹಾಕಿದವರ ಹೇಳಿಕೆಗೆಂದು ನಾಲ್ಕು ಗೆರೆ ಜಾಗವಿತ್ತು. ಗುರುತಕ್ಕ ಒಂದು ಬೊಡ್ಡೆಯ ಮೇಲೆ ಕಾಗದವಿಟ್ಟು, ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನೋವಿಗೆ ಹಲ್ಲು ಕಚ್ಚಿ ಬಗ್ಗಿದಳು. ಅಧ್ಯಕ್ಷರು ಕತ್ತು ಉದ್ದ ಮಾಡಿದರು. ಅವಳು ನಿಧಾನವಾಗಿ ಬರೆದಳು: "ಈ ಹನ್ನೊಂದು ಮರಗಳನ್ನು ಆರಿಸಿದ್ದು ನಾನೇ. ಉಳಿಸಲಿಕ್ಕೆಂದು ಆರಿಸಿದ್ದೆ." ಕೆಳಗೆ ಸಹಿ ಹಾಕಿದಳು.

ತಪಾಸಣೆಯವಳು ಅದನ್ನು ಎರಡು ಸಲ ಓದಿ, ಸುತ್ತಿಗೆಗೆ ಕೈ ಚಾಚಿದಳು.