ಟಿವಿಯಲ್ಲಿ ಎಳೆ ಹರಿದಾಗ

ನೆಂಟರು ಬಂದ ದಿನವೇ ನನ್ನ ಪೂರಿ ಉಬ್ಬುವುದಿಲ್ಲ, ಮಿಕ್ಸರ್ ಸುಟ್ಟ ವಾಸನೆ ಹೊಡೆಯುತ್ತದೆ, ಗ್ಯಾಸ್ ಮುಗಿಯುತ್ತದೆ. ಇದು ನನ್ನ ಹಣೆಬರಹವೆಂದು ಎಂದೋ ಒಪ್ಪಿಕೊಂಡುಬಿಟ್ಟಿದ್ದೆ. ಹೋದ ತಿಂಗಳು ಈ ಪಟ್ಟಿಗೆ ನಮ್ಮ ಮನೆಯ ವೈ-ಫೈ ಕೂಡ ಸೇರಿತು.

ನಮ್ಮ ಅತ್ತೆ ಇಳಕಲ್ಲಿನ ನೇಕಾರರ ಮಗಳು, ನೇಕಾರರ ಸೊಸೆ. ಸೀರೆಯ ಒಡಲಿನ ಹತ್ತಿಯ ಎಳೆಗೆ ಸೆರಗಿನ ರೇಷ್ಮೆಯ ಎಳೆ ಸೇರಿಸಿ ಕೊಂಡಿ ಹಾಕುವುದರಲ್ಲಿ ನಮ್ಮ ಓಣಿಯಲ್ಲಿ ಅವರನ್ನು ಮೀರಿಸಿದವರಿಲ್ಲ. ಈಗ ಕೈ ನಡುಗುತ್ತದೆ, ಬಿಟ್ಟಿದ್ದಾರೆ. ಕೈ ಗಟ್ಟಿಯಿದ್ದಾಗ ಜವಳಿ ವಿದ್ಯೆ ಓದುವ ಹುಡುಗಿಯರು ನಾಲ್ಕಾರು ಜನ ಬಂದು ಆ ಬೆರಳುಗಳ ಕೆಲಸವನ್ನು ವಿಡಿಯೋ ಮಾಡಿಕೊಂಡು ಹೋಗಿದ್ದರು. ಅದು ಕಾಲೇಜಿನ ವೆಬ್‌ಸೈಟಿನಲ್ಲಿ ಬಂದಿದೆ, ಎಂಟೇ ದಿನ ಇರುತ್ತದೆ ಎಂದು ಫೋನ್ ಬಂತು. ಅತ್ತೆ ಆ ಕ್ಷಣವೇ ಓಣಿಯ ಹೆಂಗಸರಿಗೆಲ್ಲ ಹೇಳಿ ಕಳಿಸಿದರು.

ಸಂಜೆ ಹಾಲ್ ತುಂಬಿತು. ಪರದೆಯ ಮೇಲೆ ಅತ್ತೆಯ ಕೈ ಮೂಡಿತು, ಎರಡು ಎಳೆ ಹಿಡಿಯಿತು, ನಿಂತಿತು. ನಡುವೆ ಬಿಳಿ ಉಂಗುರ ತಿರುಗತೊಡಗಿತು.

"ಎಳಿ ಹರೀತು ನೋಡ," ಎಂದರು ಅತ್ತೆ.

ಬಫರಿಂಗ್‌ಗೆ ಇದಕ್ಕಿಂತ ಒಳ್ಳೆಯ ಕನ್ನಡ ಶಬ್ದವನ್ನು ನಾನು ಕೇಳಿಲ್ಲ. ಮಗ್ಗದ ಮುಂದೆ ಕೂತವರಿಗೆ ಕೆಲಸ ನಿಲ್ಲುವುದೆಂದರೆ ಅಷ್ಟೇ ತಾನೆ? ಹರಿದ ಎಳೆ ಹುಡುಕಿ ಗಂಟು ಹಾಕಬೇಕು, ಮುಂದೆ ಹೋಗಬೇಕು. ಆದರೆ ಈ ಎಳೆ ಎಲ್ಲಿ ಹರಿದಿದೆ ಎನ್ನುವುದೇ ತಿಳಿಯದು.

ನಮ್ಮ ಯಜಮಾನರು ರಿಮೋಟ್ ತೆಗೆದುಕೊಂಡು ಚಿತ್ರದ ಗುಣಮಟ್ಟ ಇಳಿಸಿದರು. ವಿಡಿಯೋ ಓಡಿತು.

"ಇದೇನೋ, ಮಂಜ ಕವದಂಗ! ಎಳೀನ ಕಾಣವಲ್ದು. ಈ ಕೈ ನನ್ನವು ಅಂತ ಯಾರ ಹೇಳ್ಬೇಕು? ತಗೀ," ಎಂದು ಅತ್ತೆ ಎದ್ದುಬಿಟ್ಟರು.

ಇಂಟರ್ನೆಟ್ಟಿನವನಿಗೆ ಫೋನ್ ಮಾಡಿದರೆ, "ಡಬ್ಬಿ ಆಫ್ ಮಾಡಿ ಆನ್ ಮಾಡ್ರಿ, ಅಕ್ಕಾರ" ಎಂದ. ಮಾಡಿದೆ. ಉಂಗುರ ಇನ್ನೂ ಉತ್ಸಾಹದಿಂದ ತಿರುಗಿತು.

ಐದನೆಯ ದಿನ ಮಧ್ಯಾಹ್ನ ಅತ್ತೆ ಮಠಕ್ಕೆ ಹೋಗಿದ್ದಾಗ ಸುಮ್ಮನೆ ಹಚ್ಚಿ ನೋಡಿದೆ. ಒಂದು ಸಲವೂ ನಿಲ್ಲದೆ ಹೊಳೆಯಂತೆ ಹರಿಯಿತು! ಸಂಜೆ ಮತ್ತೆ ಓಣಿಯವರೆಲ್ಲ ಬಂದು ಕೂತರು. ಮತ್ತೆ ಉಂಗುರ.

"ಮಂದಿ ಕಣ್ಣ ಬೀಳತೈತಿ. ಟಿವಿಗಿ ದೃಷ್ಟಿ ತಗೀ ಬೇಕಾದ್ರ," ಎಂದು ಯಜಮಾನರು ನಕ್ಕರು. ಪಕ್ಕದ ಮನೆಯ ನೀಲವ್ವ ಮಾತ್ರ ಅದನ್ನು ನಿಜವೆಂದೇ ತಿಳಿದು, "ನನ್ನ ಕಣ್ಣ ಅಂಥಾವಲ್ಲರಿ, ಅಣ್ಣಾರ" ಎಂದು ಮುಖ ಊದಿಸಿಕೊಂಡಳು.

ಬಾಗಲಕೋಟೆಯ ನಮ್ಮ ಕಾನ್ವೆಂಟಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಕಾರಣ ಬರೆಯುವ ಮೊದಲು ಕಂಡದ್ದನ್ನು ಬರೆಸುತ್ತಿದ್ದರು. ನನ್ನ ವಹಿಯ ತುಂಬ ಇರುವೆಗಳ ಸಾಲು, ಹಲ್ಲಿಯ ಬಾಲ ಇಂಥವೇ. ಅದರಿಂದ ನನಗೇನೂ ಉಪಯೋಗವಾಗಿರಲಿಲ್ಲ, ಎಂಟನೆಯ ದಿನದವರೆಗೆ.

ಅಂದು ಬೆಳಿಗ್ಗೆ, ಸಂಜೆಗೆ ಜನ ಬರುತ್ತಾರೆಂದು ತಾಮ್ರದ ಹಂಡೆ, ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ನಮ್ಮ ಮನೆಯ ಇಂಟರ್ನೆಟ್ ತಂತಿ ಹಿತ್ತಲಿನಿಂದ ಬರುತ್ತದೆ. ಹಾಗಾಗಿ ವೈ-ಫೈ ಡಬ್ಬಿ ಅಡುಗೆಮನೆಯ ಗೋಡೆಯ ಗೂಡಿನಲ್ಲಿದೆ. ಅದರ ಮುಂದಿನ ಕಟ್ಟೆಯ ಮೇಲೆಯೇ ನನ್ನ ಹಂಡೆ, ಕೊಡಗಳ ಸಾಲು. ಐದನೆಯ ದಿನ ಮಧ್ಯಾಹ್ನ ಅವೆಲ್ಲ ಎಲ್ಲಿದ್ದವು? ತೊಳೆದು ಅಂಗಳದ ಬಿಸಿಲಿಗೆ ಬೋರಲು ಹಾಕಿದ್ದೆ! ಸಂಜೆ ಬಂದವರ ಕಣ್ಣಿಗೆ ಹೊಳೆಯಲೆಂದು ನೀರು ತುಂಬಿ ಮತ್ತೆ ಸಾಲಾಗಿ ಇಟ್ಟಿದ್ದೆ.

ಹುಣಸೆಹಣ್ಣಿನ ಕೈಯಲ್ಲೇ ಓಡಿದೆ. ಟಿವಿ ಹಚ್ಚಿದೆ: ಓಡಿತು. ತುಂಬಿದ ಹಂಡೆ ತಂದಿಟ್ಟೆ: ಉಂಗುರ. ತೆಗೆದೆ: ಓಡಿತು. ಬೆನ್ನು ನೋಯುವವರೆಗೂ ಇಟ್ಟು ತೆಗೆದೆ. ಅಷ್ಟು ದಪ್ಪ ತಾಮ್ರ, ಅಷ್ಟು ನೀರು ದಾಟಿ ಬರಲು ಪಾಪ ಆ ಪುಟ್ಟ ಡಬ್ಬಿಗೆ ಎಲ್ಲಿಯ ಶಕ್ತಿ? ದೃಷ್ಟಿ ಬಿದ್ದದ್ದು ನಿಜವೇ. ಮಂದಿಯದಲ್ಲ, ಮಂದಿ ನೋಡಲಿ ಎಂಬ ನನ್ನ ಆಸೆಯದು.

ಸಂಜೆ ನೀಲವ್ವ ನೀರು ಕುಡಿಯಲು ಒಳಗೆ ಹೋಗಿ ಬೋಳು ಕಟ್ಟೆ ನೋಡಿ ಕೂಗಿದಳು: "ಯವ್ವಾ, ಹಂಡೇ ಮಾರಿದ್ರೇನ್ರಿ, ವೈನಿ?"

"ಅಂಗಳದಾಗ ಅದಾವು. ನೀ ಬಂದು ಕುಂದ್ರು," ಎಂದೆ, ರಾಣಿಯಂತೆ.

ವಿಡಿಯೋ ಹಚ್ಚಿದೆ. ಕೈ ಮೂಡಿತು. ಬೆರಳ ತುದಿಯ ಸುಕ್ಕು, ಉಗುರಂಚಿನ ಬಣ್ಣ, ಹತ್ತಿಯ ಎಳೆಯ ಮೇಲಿನ ಸಣ್ಣ ನವಿರು ಎಲ್ಲ ಕಾಣುತ್ತಿತ್ತು. ಕೊಂಡಿಯ ಮೇಲೆ ಕೊಂಡಿ ಬಿತ್ತು. ಅತ್ತೆ ತಮ್ಮ ಕೈಯನ್ನೇ ಪರರ ಕೈಯಂತೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

"ನಿಲ್ಸು! ಅಲ್ಲೇ ನಿಲ್ಸವಾ!"

ಗುಂಡಿ ಒತ್ತಿದೆ. ಅತ್ತೆ ಎದ್ದು ಹೋಗಿ, ನಡುಗುವ ಬೆರಳನ್ನು ಪರದೆಯ ಮೇಲೆ ಇಟ್ಟರು.

"ಈ ಕೊಂಡಿ ಸಡ್ಲ ಬಿದ್ದೈತಿ."

"ಬಿಡ್ರಿ ಅಮ್ಮಾರ, ಅದ್ಯಾರಿಗಿ ಕಾಣತೈತಿ?" ಎಂದಳು ನೀಲವ್ವ.

"ನನಗ ಕಾಣತೈತಲ್ಲ!" ಅತ್ತೆ ತಿರುಗಿ ನೋಡಿದರು. ಅಷ್ಟು ಹೆಮ್ಮೆಯಿಂದ ತಮ್ಮ ತಪ್ಪನ್ನು ತೋರಿಸಿದವರನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬೆರಳು ನಡುಗಿದರೇನು, ಕಣ್ಣು ಇನ್ನೂ ಅವರದೇ.

ಅವರು ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಚಹಾ ಮುಗಿಸಿದರು. ಪರದೆಯ ಮೇಲಿನ ಕೈ ಎಳೆ ಹಿಡಿದು ಅಪ್ಪಣೆಗೆ ಕಾಯುತ್ತಿತ್ತು.

"ಹೂಂ," ಎಂದರು ಅತ್ತೆ, "ಈಗ ನಡಸು."