ಹುಟ್ಟುವ ಮೊದಲೇ ತಿದ್ದಿದ ಕಡತ

ಸಭೆ ಗುರುವಾರ ನಡೆಯಿತೆಂದು ನನ್ನ ದಿನಚರಿ ಹೇಳುತ್ತದೆ. ಆಮಂತ್ರಣದಲ್ಲಿ ಶುಕ್ರವಾರವೆಂದಿದೆ. ಸಿದ್ದಾಪುರದಿಂದ ಶಿರಸಿಗೆ ಹೋದ ಬಸ್ಸಿನ ಟಿಕೆಟ್ ದಿನಚರಿಯೊಳಗೇ ಉಳಿದಿತ್ತು. ಅದರಲ್ಲಿಯೂ ಶುಕ್ರವಾರದ ದಿನಾಂಕವೇ ಇದೆ. ಆದ್ದರಿಂದ ಶುಕ್ರವಾರ.

ಶಾಸನಗಳಲ್ಲಿ ಬರುವ ತಿಥಿ, ವಾರ, ಸಂವತ್ಸರಗಳನ್ನು ಇಂದಿನ ದಿನಾಂಕಕ್ಕೆ ಪರಿವರ್ತಿಸುವ ಮೊಬೈಲ್ ಆ್ಯಪೊಂದರ ಬಿಡುಗಡೆ ಅಂದು ಇತ್ತು. ಸಿದ್ಧಪಡಿಸಿದವನು ಯಲ್ಲಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಅವನ ಭಾಷಣ ಮುಗಿಯುತ್ತಲೇ ಮತ್ತಿಘಟ್ಟದ ನಿವೃತ್ತ ಗಣಿತದ ಮಾಸ್ತರರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಎದ್ದು ನಿಂತರು.

"ಇದು ಆನು ಬರೆದ್ದು. ಕಂಪ್ಯೂಟರಿಗೆ ಮಾಡಿದ್ದನ್ನ ಇವ ಮೊಬೈಲಿಗೆ ತಂದಿದ್ದ. ತರ್ಲಿ, ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದೇ ಅದಕ್ಕೆ. ಮೊದ್ಲು ಬರೆದವನ ಹೆಸರು ಉಳಿಯವು ಹೇಳಿ ಆನು ಒಂದೇ ಷರತ್ತು ಹಾಕಿದ್ದಿ. ಬರೆದವ ಇವ ಹೇಳಿ ಒಂದು ಸಾಲು ಸಾಕು."

ಅಂಗಡಿಯವನು ನನ್ನತ್ತ ನೋಡಿದ. ತೀರ್ಪು ಹೇಳಲು ಅಧ್ಯಕ್ಷರು ನನ್ನನ್ನೇ ಕರೆದರು. ನಲವತ್ತು ವರ್ಷ ಶಾಸನಗಳ ಕಾಲ ನಿರ್ಣಯಿಸಿದವನು ನಾನು. ಇಬ್ಬರ ಯಂತ್ರಗಳಲ್ಲಿಯೂ ಮೂಲ ಕಡತಗಳ ದಿನಾಂಕ ನೋಡಿದೆ. ಮಾಸ್ತರರ ಕಡತ ಸೃಷ್ಟಿಯಾದದ್ದು ಅಂಗಡಿಯವನದ್ದಕ್ಕಿಂತ ಎರಡು ವರ್ಷ ತಡವಾಗಿ.

"ಹಳೇ ಕಂಪ್ಯೂಟರ್ ಹಾಳಾತು. ಆನೇ ಇದಕ್ಕೆ ನಕಲು ಮಾಡ್ಕಂಡಿದ್ದಿ, ಆ ದಿನವೇ ಸೃಷ್ಟಿ ಹೇಳಿ ತೋರ್ಸ್ತು, ಅಷ್ಟೇಯಾ. ಕೆಳಗೆ ತಿದ್ದಿದ ದಿನಾಂಕ ಇದ್ದು, ನೋಡಿ."

ನೋಡಿದೆ. ತಿದ್ದಿದ ದಿನಾಂಕ ಸೃಷ್ಟಿಯ ದಿನಾಂಕಕ್ಕಿಂತ ಬಹಳ ಹಿಂದಿನದು, ಅಂಗಡಿಯವನ ಕಡತಕ್ಕಿಂತಲೂ. ಯಂತ್ರದ ಗಡಿಯಾರ ಕೆಟ್ಟಿರಬೇಕೆಂದು ತೀರ್ಮಾನಿಸಿ ಮೈಕಿನಲ್ಲಿಯೇ ಕೇಳಿದೆ: "ಮಾಸ್ತರರೇ, ಮಗು ಹುಟ್ಟುವ ಮೊದಲೇ ಜಾವಳ ತೆಗೆಸಿದಿರೇನು?"

ಸಭೆ ಬಹಳ ಹೊತ್ತು ನಕ್ಕಿತು; ಅದೇ ತೀರ್ಪಾಯಿತು. ಹಿಂದಿನಿಂದ ಯಾರೋ "ಕೂತ್ಕಳ್ರೋ ಮಾಸ್ತರ್ರೇ, ಚಾ ಆರ್ತು" ಎಂದರು. ಅವರು ಕೂರಲಿಲ್ಲ, ಲ್ಯಾಪ್‌ಟಾಪ್ ಮುಚ್ಚಿ ಹೊರಟುಹೋದರು. ಅವರ ಬೆನ್ನು ಬಾಗಿಲು ದಾಟುವವರೆಗೂ ನಗು ನಿಲ್ಲಲಿಲ್ಲ. ನಾನೂ ನಗುತ್ತಿದ್ದೆ.

ಮೂಲ ಶಾಸನ ಸವೆದಾಗ ಅದನ್ನು ಹೊಸ ಕಲ್ಲಿನಲ್ಲಿ ಮತ್ತೆ ಕೊರೆಸುವುದುಂಟು. ಕಲ್ಲಿನ ವಯಸ್ಸು ಅದರಲ್ಲಿ ಬರೆದ ದಾನದ ವಯಸ್ಸಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಕಲಿಸುತ್ತಿದ್ದವನು ನಾನೇ.

ನಾಲ್ಕು ತಿಂಗಳ ಬಳಿಕ ಅದೇ ಆ್ಯಪಿನಲ್ಲಿ ಒಂದು ವೀರಗಲ್ಲಿನ ತಿಥಿಯನ್ನು ಪರಿಶೀಲಿಸುತ್ತಿದ್ದೆ. ಸೂರ್ಯೋದಯದ ವೇಳೆ ನನ್ನ ಲೆಕ್ಕಕ್ಕಿಂತ ತುಸು ಭಿನ್ನವಾಗಿತ್ತು. ಯಾವ ಊರನ್ನೂ ಆರಿಸದಿದ್ದರೆ ಅದು ಹಿಡಿಯುವ ಅಕ್ಷಾಂಶ ರೇಖಾಂಶಗಳನ್ನು ನಕ್ಷೆಯಲ್ಲಿಟ್ಟು ನೋಡಿದೆ. ಯಲ್ಲಾಪುರವಲ್ಲ, ಶಿರಸಿಯೂ ಅಲ್ಲ. ಮತ್ತಿಘಟ್ಟ.

ಮರುದಿನ ಯಲ್ಲಾಪುರದ ಅಂಗಡಿಗೆ ಹೋದೆ. ಅವನು ಮುಚ್ಚಿಡಲಿಲ್ಲ.

"ಮಾಸ್ತರ್ರದ್ದೇ ಸರ್. ನಾನು ಮೊಬೈಲಿಗೆ ಹೊಂದ್ಸಿದ್ದು. ಸಭೇಲಿ ನೀವೇ ಇದು ನನ್ನ ಕೆಲ್ಸ ಅಂತ ಮಾಡಿಟ್ರಿ. ಅಷ್ಟು ದೊಡ್ಡವರು ಹೇಳಿದ ಮೇಲೆ ಅಲ್ಲ ಅನ್ನದು ಹ್ಯಾಂಗೆ? ಅದಕ್ಕೇ ನಿಮ್ಮ ಹೆಸರನ್ನೂ ಹಾಕಿದ್ದೆ, ನೋಡ್ಲಿಲ್ವಾ?" ಮೊದಲ ಪುಟ ತೋರಿಸಿದ. ಅವನ ಹೆಸರಿನಡಿಯಲ್ಲಿ "ದಿನಾಂಕ ಪರಿಶೀಲನೆ" ಎಂದು ನನ್ನ ಹೆಸರಿತ್ತು. "ಬೇಕಾದ್ರೆ ನಿಮ್ಮ ಕೆಳಗೆ ಮಾಸ್ತರ್ರದ್ದೂ ಒಂದು ಸಾಲು ಹಾಕ್ವ."

ಆ ಸಾಲನ್ನು ಹೊತ್ತು ಮತ್ತಿಘಟ್ಟಕ್ಕೆ ಹೋದೆ. ತಪ್ಪೊಪ್ಪಿಗೆಯನ್ನು ಪತ್ರಿಕೆಗೆ ಬರೆಯುವೆನೆಂದೂ ಹೇಳಿದೆ. ಮಾಸ್ತರರು ಕುಳಿತುಕೊಳ್ಳಿ ಎನ್ನಲಿಲ್ಲ.

"ಅವತ್ತು ನಕ್ಕವು ಅದನ್ನ ಓದ್ತ್ವಿಲ್ಲೆ. ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರೂ ಬೇಡ."

"ಹಾಗಾದರೆ ನನ್ನದನ್ನು ತೆಗೆಸುತ್ತೇನೆ."

"ಅದೆಂತಕ್ಕೆ? ಇರ್ಲಿ. ಪರಿಶೀಲನೆ ಮಾಡ್ದವ್ವು ಯಾರು ಹೇಳಿ ಜನಕ್ಕೆ ಗೊತ್ತಾಗಡ್ದಾ? ಯಾರ ಕೆಲಸಕ್ಕೆ ಅವರ ಹೆಸರು ಇರವು. ಅದೊಂದೇ ಆನು ಕೇಳಿದ್ದು."

ಬಾಗಿಲು ಹಾಕಿಕೊಂಡರು. ಈ ಬರಹಕ್ಕೆ ಕೂರುವ ಮೊದಲು ಆ್ಯಪನ್ನು ಇನ್ನೊಮ್ಮೆ ತೆರೆದು ನೋಡಿದೆ. ಸೂರ್ಯ ಅದರಲ್ಲಿ ಈಗಲೂ ಮತ್ತಿಘಟ್ಟದಲ್ಲಿಯೇ ಹುಟ್ಟುತ್ತಾನೆ. ನನ್ನ ಹೆಸರೂ ಇದ್ದಲ್ಲಿಯೇ ಇದೆ.