ಇಲ್ಲದ ಕಡೆ ಮೂಡಿದ ಗೆರೆ

ಮೊನ್ನೆ ನಮ್ಮ ಲ್ಯಾಬಿನ ಸಿಂಕಿನಲ್ಲಿ ಯಾರೋ ಹಾಲಿನ ಪುಡಿ ಕಲಸಿದ ಡಬ್ಬಿಯನ್ನು ತೊಳೆಯದೆ ಬಿಟ್ಟಿದ್ದರು. ಹುಳಿನಾತ ಮೂಗಿಗೆ ಬಡಿಯಿತು. ಬೈಯಲು ಬಾಯಿ ತೆರೆದವಳು ನಾನೇ ಅದನ್ನು ತೊಳೆದಿಟ್ಟೆ. ಅಕ್ಕ ನೆನಪಾದಳು...

ಸ್ವಂತ ಅಕ್ಕನಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ನಾನು ಮೈಸೂರಿನಲ್ಲಿ ಸಂಶೋಧನೆಗೆ ಸೇರಿದ ಲ್ಯಾಬಿನಲ್ಲಿ ನನಗಿಂತ ಹಿರಿಯಳು. ಅವಳದು ಹನಗೋಡು, ನಮ್ಮದು ಗಾವಡಗೆರೆ. ಹುಣಸೂರಿನಿಂದ ಒಂದೇ ಬಸ್ಸು ಹಿಡಿಯುತ್ತಿದ್ದೆವು. ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ, ಮಾತು ಖಡಕ್. ಸೀಟಿಗಾಗಿ ಕಂಡಕ್ಟರನ ಜೊತೆ ಜಗಳಕ್ಕೆ ನಿಂತರೆ ಬಿಳಿಕೆರೆ ದಾಟಿದರೂ ಬಿಡುತ್ತಿರಲಿಲ್ಲ.

ಆ ಲ್ಯಾಬಿನ ಕೆಲಸವೆಲ್ಲ ಒಂದು ಆ್ಯಂಟಿಬಾಡಿಯ ಮೇಲೆ ನಿಂತಿತ್ತು. ಜೀವಕೋಶದ ಸಾವಿರಾರು ಪ್ರೋಟೀನುಗಳಲ್ಲಿ ಒಂದನ್ನೇ ಹುಡುಕಿ ಅಂಟಿಕೊಳ್ಳುವುದು ಅದರ ಕೆಲಸ. ಪ್ರೋಟೀನುಗಳನ್ನು ಇಳಿಸಿದ ಹಾಳೆಯ ಮೇಲೆ ಅದು ಅಂಟಿದ ಕಡೆ ಕಪ್ಪು ಗೆರೆ ಮೂಡುತ್ತದೆ. ಉಳಿದ ಜಾಗಕ್ಕೆಲ್ಲ ಮೆತ್ತಿಕೊಳ್ಳದಿರಲೆಂದೇ ಆ ಹಾಲಿನ ಪುಡಿ. ಆ ಗೆರೆ ನಂಬಿಯೇ ನಮ್ಮ ಗೈಡ್ ಲೇಖನಗಳನ್ನು ಬರೆದಿದ್ದರು, ಅಕ್ಕನ ಪಿಎಚ್.ಡಿ. ಪ್ರಬಂಧವೂ ಮುಗಿಯುತ್ತ ಬಂದಿತ್ತು. ಆದರೆ ಅದು ಬೇರೇನಕ್ಕೋ ಅಂಟುತ್ತಿದೆಯೇನೋ ಎಂದು ಅಕ್ಕನಿಗೆ ಅನುಮಾನ. ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಇಲಿಯ ಜೀವಕೋಶಗಳನ್ನು, ನಾಕ್‌ಔಟ್ ಕೋಶ ಎನ್ನುತ್ತಾರಲ್ಲ, ಅವನ್ನು ಬೇರೊಂದು ಲ್ಯಾಬಿನವರನ್ನು ಕಾಡಿ ಬೇಡಿ ತರಿಸಿಕೊಂಡಳು. ಆ್ಯಂಟಿಬಾಡಿ ಸರಿಯಿದ್ದರೆ ಅವುಗಳಲ್ಲಿ ಗೆರೆ ಮೂಡಬಾರದು.

ಅಷ್ಟರಲ್ಲಿ ಆಯುಧಪೂಜೆ ಬಂತು. ಮೈಕ್ರೋಸ್ಕೋಪಿಗೆ, ಫ್ರಿಜ್ಜಿಗೆ, ಕೊನೆಗೆ ತಕ್ಕಡಿಗೂ ಅರಿಶಿನ ಕುಂಕುಮ ಇಟ್ಟಾಯಿತು. ಆ್ಯಂಟಿಬಾಡಿಯ ಡಬ್ಬಿಗೂ ಇಡಮ್ಮ ಎಂದರು ಗೈಡ್. ಅಕ್ಕ ಕುಂಕುಮದ ಬಟ್ಟಲನ್ನು ಹಿಂದಕ್ಕೆ ಸರಿಸಿದಳು.

"ಇದಿನ್ನೂ ಪಾಸಾಗಿಲ್ಲ ಸಾರ್. ಆದ್ಮೇಲೆ ಇಡ್ತೀನಿ."

ನಾವೆಲ್ಲ ನಕ್ಕೆವು. ಗೈಡ್ ನಗಲಿಲ್ಲ.

ಹಬ್ಬ ಕಳೆದ ಮೇಲೆ ಪರೀಕ್ಷೆ ಮಾಡಿದಳು. ಜೀನೇ ಇಲ್ಲದ ಕೋಶದಲ್ಲೂ ಅದೇ ಜಾಗದಲ್ಲಿ ಅದೇ ಕಪ್ಪು ಗೆರೆ! ಕೋಶಗಳಲ್ಲಿ ಆ ಜೀನು ನಿಜವಾಗಿಯೂ ಇಲ್ಲವೆಂದು ಬೇರೆ ದಾರಿಯಲ್ಲಿ ಖಾತ್ರಿ ಮಾಡಿಕೊಂಡು ಮತ್ತೆ ಮಾಡಿದಳು. ಮತ್ತೂ ಅದೇ. ಹೊಸಬಳಾದ ನನಗೆ ತಲೆಬುಡ ಅರ್ಥವಾಗದೆ ಬಸ್ಸಿನಲ್ಲಿ ಕೇಳಿದೆ.

"ಆ ಮನೇಲಿ ಆ ಹೆಸರಿನೋರೇ ಇಲ್ಲ ಕಣೇ. ಆದ್ರೂ ಕೂಗಿದ್ರೆ ಒಳಗಿಂದ ಯಾರೋ 'ಓ' ಅಂತಾವ್ರೆ. ಅಂಗಾದ್ರೆ ಇಷ್ಟ್ ದಿನ ಓಗೊಡ್ತಿದ್ದೋರು ಯಾರು?"

ಪ್ರಬಂಧದಲ್ಲಿ ಅದನ್ನು ಸೇರಿಸಬೇಡ, ಮೊದಲು ಡಿಗ್ರಿ ತಗೋ ಎಂದರು ಗೈಡ್. ಕೆಟ್ಟವರೇನಲ್ಲ, ಹೆದರಿದ್ದರು. ಸೇರಿಸಿಯೇ ಕೊಡುತ್ತೇನೆ ಎಂದಳು ಅಕ್ಕ. ಹಾಗಾದರೆ ಸಹಿ ಹಾಕುವುದಿಲ್ಲ ಎಂದರು ಅವರು. ಅವಳ ಅವ್ವ ಅತ್ತರು, ನಾನೂ ಅಂಗಲಾಚಿದೆ.

"ಸುಳ್ಳ್ ಗೆರೆ ಇಟ್ಕಂಡು ಡಾಕ್ಟ್ರು ಅನ್ನಿಸ್ಕಳಕ್ಕೆ ನಂಗಾಗಕಿಲ್ಲ ಬುಡು" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೇಬಿಟ್ಟಳು.

ಆಮೇಲೆ ಹುಣಸೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತ ಉಳಿದಳು. ಪಾಪ, ಅಷ್ಟು ವರ್ಷ ಓದಿ ಎಲ್ಲ ಮಣ್ಣುಪಾಲಾಯಿತು ಎಂದು ಲೊಚಗುಟ್ಟುವವರನ್ನು ಕಂಡರೆ ನನಗೆ ಈಗಲೂ ಮೈಯುರಿಯುತ್ತದೆ. ಯಾರ್ರೀ ಪಾಪ? ಆ ಆ್ಯಂಟಿಬಾಡಿಯನ್ನು ನಂಬಿ ಡಿಗ್ರಿ ತೆಗೆದುಕೊಂಡವರೋ, ಅವಳೋ?

ಹೋದ ತಿಂಗಳು ಅಕ್ಕ ತೀರಿಕೊಂಡಳು. ತಿಥಿ ಕಾರ್ಡಿಗೆ ಬರೆಸುತ್ತಿದ್ದ ಅವಳ ತಮ್ಮ, ಹೆಸರಿಗೆ ಮೊದಲು 'ಡಾ.' ಎಂದು ಹಾಕಿಸೋಣವೇ, ಯಾರು ಕೇಳುತ್ತಾರೆ ಎಂದ. ಅಕ್ಕನ ಮೇಲಿನ ಪ್ರೀತಿಗೆ ಕೇಳಿದ್ದು. ಬೇಡಪ್ಪ, ತನ್ನಲ್ಲಿಲ್ಲದ್ದು ಇದೆ ಅನ್ನಿಸಿಕೊಳ್ಳಬಾರದು ಅಂತಲೇ ಅವಳು ಆ ಡಿಗ್ರಿ ಬಿಟ್ಟು ಬಂದದ್ದು ಎಂದೆ.

ಕಾರ್ಡು ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ ಬರೀ ಅವಳ ಹೆಸರಿದೆ.